ತೂತು ಬಿದ್ದ ರಟ್ಟಿನಿಂದ ಮೊಬೈಲಿನ ಸಿಎನ್‌ಸಿವರೆಗೆ: ನೇಕಾರ ಜಕಾರ್ಡ್‌ನ ಬದುಕು

ಪಟ್ಟನಾಯಕನಹಳ್ಳಿ: ಮದುವೆ ಸೀಸನ್ ಬಂತು ಅಂದ್ರೆ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಬಟ್ಟೆ ಅಂಗಡಿಗಳಲ್ಲಿ ಜಕಾರ್ಡ್ ಅನ್ನೋ ಪದ ಕೇಳಿಬರುತ್ತೆ. ಜಕಾರ್ಡ್ ಬಾರ್ಡರ್, ಜಕಾರ್ಡ್ ಬುಟ್ಟಾ ಅಂತ ಅಂಗಡಿಯವರು ಸೀರೆ ಬಿಚ್ಚಿ ತೋರಿಸುತ್ತಾರೆ. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ನೇಕಾರರ ಮನೆಗಳಲ್ಲಂತೂ ಅದು ದಿನನಿತ್ಯದ ಮಾತು. ಆದ್ರೆ ಅದು ಒಬ್ಬ ಮನುಷ್ಯನ ಹೆಸರು, ಆತನೂ ನಮ್ಮವರ ಹಾಗೆ ಮಗ್ಗದ ಮನೆಯಲ್ಲೇ ಹುಟ್ಟಿದವನು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಇನ್ನೊಂದು ಕಡೆ ನಮ್ಮ ಹೋಬಳಿಯ ಹುಡುಗರು ಐಟಿಐ, ಡಿಪ್ಲೊಮಾ ಮುಗಿಸಿ ಪೀಣ್ಯಕ್ಕೋ ವಸಂತನರಸಾಪುರಕ್ಕೋ ಹೋಗಿ ಸಿಎನ್‌ಸಿ ಆಪರೇಟರ್ ಆಗುತ್ತಿದ್ದಾರೆ. ಈಗ ಆ ಮೆಷಿನ್‌ಗಳನ್ನು ನೆಟ್‌ವರ್ಕಿಗೆ ಸೇರಿಸಿ, ಮೊಬೈಲಿನಿಂದಲೋ ಕಂಪ್ಯೂಟರಿನಿಂದಲೋ ದೂರದಲ್ಲೇ ಕೂತು ನಡೆಸುವ ಸಾಫ್ಟ್‌ವೇರ್‌ಗಳು ಬಂದಿವೆ. ಅದರಲ್ಲೂ ಕೆಲವು ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ತೆಗೆದುಕೊಂಡು, ತೆರೆದು ನೋಡಿ, ತಿದ್ದಿ ಬಳಸಬಹುದಾದವು. ಸೀರೆಯ ಸೆರಗಿಗೂ ಈ ಸಿಎನ್‌ಸಿಗೂ ಮೂಲದಲ್ಲಿ ಸಂಬಂಧ ಇದೆ. ಆ ಸಂಬಂಧ ತಿಳಿಯಬೇಕಾದರೆ ಜೋಸೆಫ್ ಮರಿ ಜಕಾರ್ಡ್ ಅನ್ನೋ ಫ್ರಾನ್ಸ್ ದೇಶದ ನೇಕಾರನ ಬದುಕನ್ನು ಓದಬೇಕು.

ಮಗ್ಗದ ಮನೆಯ ಮಗ

ಜಕಾರ್ಡ್ ಹುಟ್ಟಿದ್ದು 1752ರ ಜುಲೈ 7ರಂದು, ಫ್ರಾನ್ಸಿನ ಲಿಯಾನ್ ನಗರದಲ್ಲಿ. ರೇಷ್ಮೆ ವಿಷಯದಲ್ಲಿ ನಮಗೆ ಕಾಂಚೀಪುರ ಹೇಗೋ ಯೂರೋಪಿಗೆ ಲಿಯಾನ್ ಹಾಗೆ. ಅಪ್ಪ ಸ್ವಂತ ಮಗ್ಗಗಳಿದ್ದ ನೇಕಾರ. ಅಮ್ಮನದ್ದು ಚಿತ್ತಾರ ಓದುವ ಕೆಲಸ. ಅಂದರೆ ಚೌಕಳಿ ಹಾಳೆಯ ಮೇಲೆ ಬರೆದ ಡಿಸೈನ್ ನೋಡಿ, ಯಾವ ಸಾಲಿಗೆ ಯಾವ ಎಳೆ ಮೇಲೇಳಬೇಕು ಅಂತ ಲೆಕ್ಕ ಹಿಡಿದು ಮಗ್ಗಕ್ಕೆ ಹೊಂದಿಸೋದು. ಮುಂದೆ ಮಗ ಮೆಷಿನ್‌ಗೆ ಕಲಿಸಿದ್ದು ಹೆಚ್ಚುಕಡಿಮೆ ತಾಯಿಯ ಈ ವಿದ್ಯೆಯನ್ನೇ.

ಹುಡುಗನಿಗೆ ಸ್ಕೂಲಿನ ಓದು ಹತ್ತಲಿಲ್ಲ. ಹದಿಮೂರು ವರ್ಷದವರೆಗೂ ಅಕ್ಷರ ಗೊತ್ತಿರಲಿಲ್ಲ. ಆಮೇಲೆ ಪುಸ್ತಕದ ಅಂಗಡಿ ಮತ್ತು ಪ್ರೆಸ್ ಇಟ್ಟುಕೊಂಡಿದ್ದ ಭಾವ ಓದು ಬರಹ ಕಲಿಸಿದ. ತಾಯಿ 1762ರಲ್ಲೇ ತೀರಿಕೊಂಡಿದ್ದಳು, ತಂದೆ 1772ರಲ್ಲಿ ಹೋದ. ಇಪ್ಪತ್ತರ ಹುಡುಗನ ಕೈಗೆ ಮನೆ, ಮಗ್ಗ, ಒಂದಿಷ್ಟು ಆಸ್ತಿ ಬಂತು.

1778ರಲ್ಲಿ ಕ್ಲಾಡಿನ್ ಬುವಶೋನ್ ಎಂಬ ವಿಧವೆಯನ್ನು ಮದುವೆಯಾದ. ಮರುವರ್ಷ ಗಂಡು ಮಗು ಹುಟ್ಟಿತು. ಆದ್ರೆ ವ್ಯವಹಾರ ಕೈ ಹಿಡಿಯಲಿಲ್ಲ. ಸಾಲ ಬೆಳೀತು. ತಂದೆಯಿಂದ ಬಂದ ಆಸ್ತಿಯನ್ನೂ, ಹೆಂಡತಿ ಕಡೆಯಿಂದ ಬಂದದ್ದನ್ನೂ ಮಾರಬೇಕಾಯಿತು. ಸಾಲಗಾರನ ಕಾಟ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಷ್ಟರಲ್ಲಿ 1789ರಲ್ಲಿ ಫ್ರಾನ್ಸಿನಲ್ಲಿ ಕ್ರಾಂತಿ ಆಯಿತು. 1793ರಲ್ಲಿ ಪ್ಯಾರಿಸ್ಸಿನ ಹೊಸ ಸರ್ಕಾರದ ಸೈನ್ಯ ಲಿಯಾನ್ ನಗರಕ್ಕೇ ಮುತ್ತಿಗೆ ಹಾಕಿತು. ಜಕಾರ್ಡ್ ಊರಿನ ಪರವಾಗಿ ನಿಂತ. ಊರು ಸೋತ ಮೇಲೆ ಹರೆಯದ ಮಗನನ್ನು ಕರೆದುಕೊಂಡು ತಪ್ಪಿಸಿಕೊಂಡು ಹೋದ. ಮುಂದೆ ಇಬ್ಬರೂ ಸೈನ್ಯ ಸೇರಿದರು. ಆ ಯುದ್ಧದಲ್ಲಿ ಮಗ ಸತ್ತುಹೋದ. ಇದ್ದ ಒಬ್ಬ ಮಗನನ್ನು ಕಳಕೊಂಡು, ಐವತ್ತರ ಹತ್ತಿರ ಬಂದ ಮನುಷ್ಯ ಬರಿಗೈಯಲ್ಲಿ ಲಿಯಾನ್‌ಗೆ ವಾಪಸ್ ಬಂದ. ಆತನ ಹೆಸರು ಉಳಿಸಿದ ಕೆಲಸ ಶುರುವಾಗಿದ್ದೇ ಇದಾದ ಮೇಲೆ.

ದಾರ ಎಳೆಯುವ ಹುಡುಗರು

ಆ ಕಾಲದಲ್ಲಿ ಹೂವು, ಹಕ್ಕಿ, ಬಳ್ಳಿ ಇರೋ ರೇಷ್ಮೆ ನೇಯಬೇಕು ಅಂದ್ರೆ ಒಂದು ಮಗ್ಗಕ್ಕೆ ಇಬ್ಬರು ಬೇಕಿತ್ತು. ನೇಕಾರ ಲಾಳಿ ಹೊಡೆಯುತ್ತಿದ್ದ. ಪಕ್ಕದಲ್ಲಿ ಇನ್ನೊಬ್ಬರು, ಹೆಚ್ಚಾಗಿ ಒಬ್ಬ ಹುಡುಗ ಅಥವಾ ಹುಡುಗಿ, ಡಿಸೈನಿಗೆ ತಕ್ಕಂತೆ ಹಾಸಿನ ಎಳೆಗಳಿಗೆ ಕಟ್ಟಿದ ದಾರದ ಗೊಂಚಲನ್ನು ಎಳೆದು ಹಿಡಿಯಬೇಕಿತ್ತು. ಹೊಕ್ಕಿನ ಒಂದು ಎಳೆ ಹೋದ ಮೇಲೆ ಇನ್ನೊಂದು ಗೊಂಚಲು. ಹೀಗೆ ದಿನವಿಡೀ. ಭಾರ ಎಳೆದೂ ಎಳೆದೂ ಎಳೆ ವಯಸ್ಸಿನ ಮೈ ಬಾಗಿಹೋಗುತ್ತಿತ್ತು. ಒಂದು ಗೊಂಚಲು ತಪ್ಪಿದರೆ ಬಟ್ಟೆ ಕೆಡುತ್ತಿತ್ತು. ಇಬ್ಬರು ಸೇರಿ ದಿನಕ್ಕೆ ಕೆಲವು ಅಂಗುಲ ನೇಯ್ದರೆ ಹೆಚ್ಚು.

ಇದಕ್ಕೊಂದು ದಾರಿ ಹುಡುಕಿದವರಲ್ಲಿ ಜಕಾರ್ಡ್ ಮೊದಲನೆಯವನಲ್ಲ. ಅದೇ ಲಿಯಾನ್‌ನ ಬಾಸಿಲ್ ಬೂಶೋನ್ 1725ರಲ್ಲಿ ತೂತು ಮಾಡಿದ ಕಾಗದದ ಸುರುಳಿಯಿಂದ ಎಳೆ ಆರಿಸುವ ಸಾಧನ ಮಾಡಿದ್ದ. ಅವನ ಜೊತೆಗಾರ ಫಾಲ್ಕನ್ ಕೆಲವೇ ವರ್ಷಗಳಲ್ಲಿ ಕಾಗದ ಹರಿಯುತ್ತದೆ ಅಂತ ಅದರ ಬದಲು ರಟ್ಟಿನ ಕಾರ್ಡುಗಳ ಸರಪಳಿ ತಂದ. 1745ರಲ್ಲಿ ವೋಕಾನ್‌ಸನ್ ಎಂಬ ಚತುರ ಪಕ್ಕದ ಹುಡುಗನ ಅಗತ್ಯವೇ ಇಲ್ಲದ ಮಗ್ಗ ಕಟ್ಟಿದ. ಆದರೆ ಅದು ತುಂಬಾ ತೊಡಕಿನದು, ದುಬಾರಿ. ಯಾರೂ ಕೊಳ್ಳಲಿಲ್ಲ. ಮೆಷಿನ್ ಪ್ಯಾರಿಸ್ಸಿನ ಉಗ್ರಾಣ ಸೇರಿ ದೂಳು ತಿನ್ನುತ್ತಾ ಬಿದ್ದಿತ್ತು.

ಜಕಾರ್ಡ್ 1800ರ ಹೊತ್ತಿಗೆ ಕಾಲಿನಿಂದ ತುಳಿಯುವ ಒಂದು ಮಗ್ಗ ಮಾಡಿ, 1801ರಲ್ಲಿ ಪ್ಯಾರಿಸ್ಸಿನ ಕೈಗಾರಿಕಾ ಪ್ರದರ್ಶನದಲ್ಲಿಟ್ಟು ಕಂಚಿನ ಪದಕ ಪಡೆದ. ಆಮೇಲೆ ಮೀನಿನ ಬಲೆ ಹೆಣೆಯುವ ಮೆಷಿನ್ ಮಾಡಿದ. ಆ ಹೆಸರಿನ ಮೇಲೆ 1803ರಲ್ಲಿ ಪ್ಯಾರಿಸ್ಸಿನ ಸರ್ಕಾರಿ ಯಂತ್ರ ಸಂಗ್ರಹಾಲಯಕ್ಕೆ ಕರೆ ಬಂತು. ಅಲ್ಲೇ ವೋಕಾನ್‌ಸನ್‌ನ ಹಳೇ ಮಗ್ಗ ಕಣ್ಣಿಗೆ ಬಿತ್ತು. ಮೊದಲಿನವರು ಎಲ್ಲಿ ಸೋತರು ಅಂತ ಅದನ್ನು ನೋಡಿ ತಿಳಿದುಕೊಂಡ. ಫಾಲ್ಕನ್‌ನ ರಟ್ಟು, ವೋಕಾನ್‌ಸನ್‌ನ ಜೋಡಣೆ, ತಾನು ಹುಟ್ಟಿದಾಗಿನಿಂದ ಕಂಡ ನೇಕಾರನ ಕಷ್ಟ, ಮೂರನ್ನೂ ಸೇರಿಸಿದ. 1804-05ರ ಹೊತ್ತಿಗೆ ಜಕಾರ್ಡ್ ಮಗ್ಗ ತಯಾರಾಯಿತು.

ತೂತು ಇದ್ದರೆ ಎಳೆ ಮೇಲೆ

ಇದು ಕೆಲಸ ಮಾಡೋ ರೀತಿ ಸರಳ. ಬಾಗಿಲ ಮುಂದೆ ರಂಗೋಲಿ ಅಚ್ಚು ಇಟ್ಟು ಪುಡಿ ಉದುರಿಸಿದರೆ ತೂತಿದ್ದ ಕಡೆ ಮಾತ್ರ ಪುಡಿ ಬೀಳುತ್ತದಲ್ಲ, ಹಾಗೆ. ಮಗ್ಗದ ತಲೆಯ ಮೇಲೆ ಒಂದು ಪೆಟ್ಟಿಗೆ. ಅದರಲ್ಲಿ ಸಾಲಾಗಿ ಸೂಜಿಗಳು, ಒಂದೊಂದು ಸೂಜಿಗೆ ಒಂದೊಂದು ಕೊಕ್ಕೆ, ಕೊಕ್ಕೆಯಿಂದ ಕೆಳಗೆ ಹಾಸಿನ ಎಳೆಗಳಿಗೆ ದಾರ. ರಟ್ಟಿನ ಕಾರ್ಡು ಬಂದು ಸೂಜಿಗಳಿಗೆ ಒತ್ತುತ್ತದೆ. ತೂತು ಇದ್ದ ಕಡೆ ಸೂಜಿ ಒಳಗೆ ತೂರುತ್ತದೆ, ಅದರ ಕೊಕ್ಕೆ ಎಳೆಯನ್ನು ಮೇಲೆತ್ತುತ್ತದೆ. ತೂತು ಇಲ್ಲದ ಕಡೆ ಸೂಜಿ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ, ಎಳೆ ಕೆಳಗೇ ಉಳಿಯುತ್ತದೆ. ಲಾಳಿ ಹೋಗುತ್ತದೆ. ಕಾರ್ಡು ತಿರುಗಿ ಮುಂದಿನ ಕಾರ್ಡು ಬರುತ್ತದೆ. ಹೊಕ್ಕಿನ ಒಂದು ಎಳೆಗೆ ಒಂದು ಕಾರ್ಡು.

ಡಿಸೈನ್ ಬದಲಾಯಿಸಬೇಕಾ? ಮಗ್ಗ ಬಿಚ್ಚಬೇಕಿಲ್ಲ. ಕಾರ್ಡಿನ ಸರಪಳಿ ಬದಲಾಯಿಸಿದರೆ ಸಾಕು. ಅದೇ ಮಗ್ಗ ಇವತ್ತು ನವಿಲು ನೇಯುತ್ತೆ, ನಾಳೆ ಮಾವಿನಕಾಯಿ. ಮೆಷಿನ್ ಬೇರೆ, ಮೆಷಿನ್‌ಗೆ ಕೊಡುವ ಆಜ್ಞೆ ಬೇರೆ ಅಂತ ಸ್ಪಷ್ಟವಾಗಿ ಬೇರ್ಪಟ್ಟು ಮಾರುಕಟ್ಟೆಯಲ್ಲಿ ನಿಂತ ದೊಡ್ಡ ಯಂತ್ರ ಇದು.

ಹಕ್ಕು ಊರಿಗೆ, ಪಿಂಚಣಿ ಆತನಿಗೆ

1805ರ ಏಪ್ರಿಲ್‌ನಲ್ಲಿ ಚಕ್ರವರ್ತಿ ನೆಪೋಲಿಯನ್ ಮತ್ತು ರಾಣಿ ಜೋಸೆಫಿನ್ ಲಿಯಾನ್‌ಗೆ ಬಂದು ಮಗ್ಗ ನೋಡಿದರು. ಮೂರೇ ದಿನದಲ್ಲಿ, ಏಪ್ರಿಲ್ 15ರಂದು, ಮಗ್ಗದ ಪೇಟೆಂಟ್ ಹಕ್ಕು ಲಿಯಾನ್ ನಗರಕ್ಕೆ ಸೇರಿತು. ಬದಲಿಗೆ ಜಕಾರ್ಡ್‌ಗೆ ಸಾಯುವವರೆಗೆ ವರ್ಷಕ್ಕೆ 3,000 ಫ್ರಾಂಕ್ ಪಿಂಚಣಿ. 1805ರಿಂದ 1811ರವರೆಗೆ ಮಾರಾಟವಾಗಿ ಬಳಕೆಗೆ ಬಂದ ಪ್ರತಿ ಮಗ್ಗಕ್ಕೆ 50 ಫ್ರಾಂಕ್ ಗೌರವಧನ.

ಇದರ ಅರ್ಥ ಏನು? ಮಗ್ಗ ಕಟ್ಟುವ ವಿದ್ಯೆ ಒಬ್ಬ ಸಾಹುಕಾರನ ಪೆಟ್ಟಿಗೆ ಸೇರಲಿಲ್ಲ. ಊರ ಬಾವಿಯ ನೀರಿನ ಹಾಗೆ ಬೇಕಾದವರು ಸೇದಿಕೊಳ್ಳಬಹುದಿತ್ತು. ಬಡಗಿ ನೋಡಿ ಕಟ್ಟಬಹುದು, ಕಮ್ಮಾರ ತಿದ್ದಬಹುದು. ಹಾಗೆ ತಿದ್ದಿದ್ದರಿಂದಲೇ ಮಗ್ಗ ಉಳಿಯಿತು. ಯಾಕಂದ್ರೆ ಜಕಾರ್ಡ್ ಮಾಡಿದ ಮೊದಲ ಮಾದರಿಯಲ್ಲಿ ದೋಷಗಳಿದ್ದವು. 1815ರ ನಂತರ ಬ್ರೆಟನ್ ಎಂಬ ಮೆಕ್ಯಾನಿಕ್ ಕಾರ್ಡು ತಿರುಗಿಸುವ ಭಾಗವನ್ನು ಸರಿಮಾಡಿದ ಮೇಲೆಯೇ ಅದು ನೆಚ್ಚಿಕೊಳ್ಳುವಂಥ ಮೆಷಿನ್ ಆಯಿತು. ಹೆಸರು ಮಾತ್ರ ಜಕಾರ್ಡ್‌ನದೇ ಉಳಿಯಿತು. ಇವತ್ತು ಓಪನ್ ಸೋರ್ಸ್ ಅಂತ ಕರೆಯೋ ಪದ್ಧತಿಗೂ ಇದಕ್ಕೂ ವ್ಯತ್ಯಾಸ ಇದೆ, ಇಲ್ಲಿ ಹಕ್ಕು ಕೊಂಡಿದ್ದು ಸರ್ಕಾರ. ಆದರೆ ಫಲ ಒಂದೇ ಥರ: ಹತ್ತು ಕೈ ಸೇರಿ ಒಂದು ಯಂತ್ರ ತಿದ್ದಿದವು, ತಂದ ಮನುಷ್ಯನಿಗೂ ಊಟಕ್ಕೆ ಕೊರತೆ ಆಗಲಿಲ್ಲ.

ನೇಕಾರರ ಸಿಟ್ಟು

ಇಷ್ಟೆಲ್ಲಾ ಆದರೂ ಲಿಯಾನ್‌ನ ನೇಕಾರರು ಆತನನ್ನು ಹೊತ್ತು ಮೆರೆಸಲಿಲ್ಲ. ಹಲವರು ಶಾಪ ಹಾಕಿದರು. ದಾರ ಎಳೆಯೋ ಕೆಲಸ ಹೋದರೆ ಮನೆ ನಡೆಯೋದು ಹೇಗೆ ಅನ್ನೋದು ಅವರ ಭಯ. ಮಗ್ಗಗಳನ್ನು ಒಡೆದರು, ಸುಟ್ಟರು. ಜಕಾರ್ಡ್‌ನ ಮೇಲೂ ಹಲ್ಲೆಗೆ ಹೋದರು ಅಂತ ಹಳೆಯ ಜೀವನಚರಿತ್ರೆಗಳು ಹೇಳುತ್ತವೆ. ತಾನು ಹುಟ್ಟಿದ ಜನರ ನಡುವೆಯೇ ಆತ ಅಂಜಿಕೊಂಡು ಓಡಾಡಬೇಕಾಯಿತು.

ಅವರ ಭಯ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಮಕ್ಕಳ ಮೈ ಬಾಗಿಸುತ್ತಿದ್ದ ಕೆಲಸ ಹೋಯಿತು, ಅದು ಒಳ್ಳೆಯದೇ. ಬಟ್ಟೆ ಅಗ್ಗವಾಯಿತು, ಬೇಡಿಕೆ ಬೆಳೆಯಿತು. ಲಿಯಾನ್‌ನ ಕ್ರುವಾ ರೂಸ್ ಗುಡ್ಡದ ಮೇಲೆ ಎತ್ತರದ ಈ ಮಗ್ಗ ಹಿಡಿಸಲೆಂದೇ ಸುಮಾರು ನಾಲ್ಕು ಮೀಟರ್ ಎತ್ತರದ ಕೋಣೆಗಳಿರುವ ಮನೆಗಳು ಎದ್ದವು. ಕಾರ್ಡಿಗೆ ತೂತು ಹೊಡೆಯೋದು, ಡಿಸೈನ್ ಬರೆಯೋದು ಅಂತ ಹೊಸ ಕೆಲಸಗಳೂ ಹುಟ್ಟಿದವು.

ಆದರೆ ಕೂಲಿ? ಅದು ಏರಲಿಲ್ಲ. ನೂಲು ಕೊಟ್ಟು ಬಟ್ಟೆ ತೆಗೆದುಕೊಳ್ಳುವ ವ್ಯಾಪಾರಿ ಹೇಳಿದ್ದೇ ರೇಟು. 1831ರ ನವೆಂಬರಿನಲ್ಲಿ ನೇಕಾರರು ಕನಿಷ್ಠ ದರ ನಿಗದಿ ಮಾಡಿ ಅಂತ ಬೀದಿಗಿಳಿದು ನಗರವನ್ನೇ ವಶಕ್ಕೆ ತೆಗೆದುಕೊಂಡರು. 1834ರ ಏಪ್ರಿಲ್‌ನಲ್ಲಿ ಮತ್ತೆ ದಂಗೆ. ಸೈನ್ಯ ಬಂದು ಹತ್ತಿಕ್ಕಿತು, ನೂರಾರು ಜನ ಸತ್ತರು. ಗಮನಿಸಿ, ಈ ಎರಡೂ ಸಲ ಜಗಳ ಮಗ್ಗದ ಜೊತೆ ಅಲ್ಲ, ರೇಟಿನ ಜೊತೆ. ಮೆಷಿನ್ ಎಲ್ಲರ ಕೈಗೆ ಸಿಕ್ಕಿತ್ತು, ಮಾರುಕಟ್ಟೆ ಸಿಕ್ಕಿರಲಿಲ್ಲ.

ಜಕಾರ್ಡ್ ಆಗ ಲಿಯಾನ್ ಪಕ್ಕದ ಊಲಾನ್ ಎಂಬ ಹಳ್ಳಿಯಲ್ಲಿ ಪಿಂಚಣಿ ಮೇಲೆ ಜೀವನ ಮಾಡುತ್ತಿದ್ದ. 1819ರಲ್ಲಿ ಫ್ರಾನ್ಸ್ ಸರ್ಕಾರ ಲೀಜನ್ ಆಫ್ ಆನರ್ ಗೌರವ ಕೊಟ್ಟಿತ್ತು. 1834ರ ಆಗಸ್ಟ್ 7ರಂದು, ದಂಗೆ ಅಡಗಿ ನಾಲ್ಕು ತಿಂಗಳಾಗುವ ಮೊದಲೇ, 82ರ ವಯಸ್ಸಿನಲ್ಲಿ ತೀರಿಕೊಂಡ. ಒಂದು ಕಾಲಕ್ಕೆ ಆತನ ಮಗ್ಗ ಸುಟ್ಟ ಊರೇ 1840ರಲ್ಲಿ ಆತನ ಪ್ರತಿಮೆ ನಿಲ್ಲಿಸಿತು.

ರಟ್ಟಿನಿಂದ ಸಿಎನ್‌ಸಿಗೆ

ಆತ ಸತ್ತ ಐದು ವರ್ಷಕ್ಕೆ, 1839ರಲ್ಲಿ, ಲಿಯಾನ್‌ನ ನೇಕಾರರು ರೇಷ್ಮೆಯಲ್ಲೇ ಜಕಾರ್ಡ್‌ನ ಭಾವಚಿತ್ರ ನೇಯ್ದರು. ಅದಕ್ಕೆ ಸುಮಾರು 24,000 ಕಾರ್ಡು ಬೇಕಾಯಿತು. ನೋಡಿದವರು ಅಚ್ಚು ಹಾಕಿದ ಚಿತ್ರ ಅಂದುಕೊಳ್ಳುವಷ್ಟು ನಯ. ಅದರ ಒಂದು ಪ್ರತಿ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಹತ್ತಿರ ಇತ್ತು. ಆತ ಲೆಕ್ಕ ಮಾಡುವ ತನ್ನ ಯಂತ್ರಕ್ಕೆ ಆಜ್ಞೆ ಕೊಡಲು ಇದೇ ಥರದ ಕಾರ್ಡು ಬಳಸುವ ಯೋಜನೆ ಹಾಕಿದ. ಅಮೆರಿಕದಲ್ಲಿ 1890ರ ಜನಗಣತಿಯನ್ನು ಹಾಲರಿತ್ ಎಂಬಾತ ತೂತಿನ ಕಾರ್ಡಿನಲ್ಲೇ ಎಣಿಸಿದ.

ಆಮೇಲೆ ಬಂತು ಲೇತ್, ಮಿಲ್ಲಿಂಗ್ ಸರದಿ. ಅಮೆರಿಕದ ಜಾನ್ ಪಾರ್ಸನ್ಸ್ ಹೆಲಿಕಾಪ್ಟರ್ ರೆಕ್ಕೆಯ ಭಾಗ ಮಾಡುವಾಗ, ಕೈಚಳಕದ ಬದಲು ಅಂಕಿಗಳಿಂದಲೇ ಮೆಷಿನ್ ನಡೆಸಬಹುದಲ್ಲ ಅಂತ ಯೋಚಿಸಿದ. ಎಂಐಟಿ ಸಂಸ್ಥೆ 1952ರಲ್ಲಿ ತೂತಿನ ಪಟ್ಟಿಯಿಂದ ಆಜ್ಞೆ ತೆಗೆದುಕೊಳ್ಳುವ ಮಿಲ್ಲಿಂಗ್ ಮೆಷಿನ್ ನಡೆಸಿ ತೋರಿಸಿತು. ಅದು ಎನ್‌ಸಿ. ಪಟ್ಟಿಯ ಜಾಗಕ್ಕೆ ಕಂಪ್ಯೂಟರ್ ಬಂದಾಗ ಸಿಎನ್‌ಸಿ ಆಯಿತು. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾಗಿ ಮೆಷಿನ್ ಟೂಲ್ ಕೆಲಸ ನಮ್ಮ ರಾಜ್ಯದಲ್ಲಿ ಬೇರು ಬಿಟ್ಟಿತು. ಇವತ್ತು ಸಿಎನ್‌ಸಿ ಆಪರೇಟರ್ ಬರೆಯುವ ಜಿ-ಕೋಡ್‌ನ ಒಂದೊಂದು ಸಾಲೂ ಜಕಾರ್ಡ್‌ನ ಒಂದೊಂದು ರಟ್ಟಿನ ಹಾಗೆ. ಒಂದು ಸಾಲು ಓದು, ಒಂದು ಚಲನೆ ಮಾಡು, ಮುಂದಿನದಕ್ಕೆ ಹೋಗು.

ಹಕ್ಕಿನ ವಿಷಯದಲ್ಲೂ ಅದೇ ಕಥೆ ಮರುಕಳಿಸಿತು. ಕಂಪನಿಗಳ ಕಂಟ್ರೋಲರ್ ಬೀಗ ಹಾಕಿದ ಪೆಟ್ಟಿಗೆ. ಒಳಗೇನಿದೆ ಅಂತ ನೋಡೋ ಹಾಗಿಲ್ಲ. ಆದರೆ 1990ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ ಒಂದು ಕಂಟ್ರೋಲರ್ ಸಾಫ್ಟ್‌ವೇರ್ ಬರೆಸಿತು. ಸರ್ಕಾರದ ಕೆಲಸವಾದ್ದರಿಂದ ಅದು ಸಾರ್ವಜನಿಕರ ಸ್ವತ್ತಾಯಿತು. ಅದನ್ನು ಆಸಕ್ತರು ಬೆಳೆಸಿ ಲಿನಕ್ಸ್‌ಸಿಎನ್‌ಸಿ ಮಾಡಿದರು. 2009ರಲ್ಲಿ ಜಿಆರ್‌ಬಿಎಲ್ ಬಂತು, ಅದು ಆರ್ಡುಯಿನೊ ಎಂಬ ಸಣ್ಣ ಅಗ್ಗದ ಬೋರ್ಡಿನಲ್ಲೇ ನಡೆಯುತ್ತೆ. ಸಿಎನ್‌ಸಿಜೆಎಸ್‌ನಂಥ ಓಪನ್ ಸೋರ್ಸ್ ಸಾಫ್ಟ್‌ವೇರನ್ನು ಮೆಷಿನ್ ಪಕ್ಕದ ಪುಟ್ಟ ಕಂಪ್ಯೂಟರಿಗೆ ಹಾಕಿದರೆ, ಅದೇ ವೈಫೈನಲ್ಲಿರೋ ಮೊಬೈಲಿನ ಬ್ರೌಸರ್‌ನಲ್ಲೇ ಮೆಷಿನ್‌ನ ಪರದೆ ತೆರೆದುಕೊಳ್ಳುತ್ತೆ. ಟೂಲ್ ಎಲ್ಲಿದೆ, ಎಷ್ಟನೇ ಸಾಲು ನಡೀತಿದೆ, ನಿಲ್ಲಿಸು, ಮುಂದುವರಿಸು, ಎಲ್ಲಾ ಅಲ್ಲೇ.

ನಮ್ಮವರು ತಿಳಿದಿರಬೇಕಾದ್ದು

ಮರಗೆಲಸ, ಅಕ್ರಿಲಿಕ್ ಬೋರ್ಡ್, ಬಾಗಿಲ ಕೆತ್ತನೆಗೆ ಸಣ್ಣ ಸಿಎನ್‌ಸಿ ರೂಟರ್ ಹಾಕುವವರಿಗೆ ಇದು ಉಪಯೋಗದ ವಿಷಯ. ಆದರೆ ಜಕಾರ್ಡ್ ಮಗ್ಗದಿಂದಲೇ ಕಲಿಯಬೇಕಾದ ಒಂದು ಪಾಠ ಇದೆ. ಕಾರ್ಡಿನ ಸರಪಳಿ ಮಗ್ಗದ ಮೇಲೇ ಇರುತ್ತಿತ್ತು. ಹಾಗೆಯೇ ಕೆಲಸದ ಪ್ರೋಗ್ರಾಂ ಮೆಷಿನ್ ಪಕ್ಕದ ಕಂಪ್ಯೂಟರಿನಲ್ಲೇ ಇರಬೇಕು. ದೂರದ ಮೊಬೈಲಿನಿಂದ ವೈಫೈ ಮೂಲಕ ಒಂದೊಂದೇ ಸಾಲು ಕಳಿಸುವ ವ್ಯವಸ್ಥೆಯಾದರೆ, ಸಂಪರ್ಕ ಕಡಿದಾಗ ಟೂಲ್ ಮರದ ನಡುವೆಯೇ ನಿಂತುಬಿಡುತ್ತೆ.

ಎರಡನೆಯದು, ಮೊಬೈಲಿನ ಸ್ಟಾಪ್ ಬಟನ್ ನಂಬಿ ಕೂರಬಾರದು. ಮೆಷಿನ್ ಮೇಲೇ ಕೆಂಪು ಎಮರ್ಜೆನ್ಸಿ ಸ್ವಿಚ್ ಇರಬೇಕು, ಅದು ಸಾಫ್ಟ್‌ವೇರ್ ದಾರಿ ಬಿಟ್ಟು ನೇರವಾಗಿ ಮೋಟಾರಿನ ವಿದ್ಯುತ್ ಕಡಿಯಬೇಕು. ಮೆಷಿನ್ ಓಡುವಾಗ ಹತ್ತಿರ ಒಬ್ಬರು ಇರಲೇಬೇಕು. ಮೂರನೆಯದು, ಮೆಷಿನ್ ಪರದೆಯನ್ನು ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್‌ಗೆ ತೆರೆದಿಡೋದು ಅಂಗಡಿ ಶಟರ್ ಎತ್ತಿಟ್ಟು ಮನೆಗೆ ಹೋದ ಹಾಗೆ. ಅಂಗಡಿಯೊಳಗಿನ ನೆಟ್‌ವರ್ಕಿನಲ್ಲೇ ಇಟ್ಟುಕೊಳ್ಳೋದು ಕ್ಷೇಮ.

ಇನ್ನು ನೇಕಾರರ ವಿಷಯ. ಈಗ ಎಲೆಕ್ಟ್ರಾನಿಕ್ ಜಕಾರ್ಡ್ ಬಂದಿದೆ. ರಟ್ಟಿಲ್ಲ, ಕಂಪ್ಯೂಟರಿನಲ್ಲಿ ಮಾಡಿದ ಡಿಸೈನ್ ನೇರ ಮಗ್ಗಕ್ಕೆ ಹೋಗುತ್ತೆ. ಕೊಳ್ಳೋ ಮುಂಚೆ ಕೆಲವು ಪ್ರಶ್ನೆ ಕೇಳಿ: ಡಿಸೈನ್ ಫೈಲ್ ಬೇರೆ ಕಂಪನಿ ಮಗ್ಗದಲ್ಲೂ ನಡೆಯುತ್ತಾ? ಕೆಟ್ಟರೆ ಇಲ್ಲಿನ ಮೆಕ್ಯಾನಿಕ್ ರಿಪೇರಿ ಮಾಡಬಹುದಾ, ಇಲ್ಲಾ ಕಂಪನಿಯವರೇ ಬರಬೇಕಾ? ನಾನು ಮಾಡಿಸಿದ ಡಿಸೈನ್ ನನ್ನದಾಗೇ ಉಳಿಯುತ್ತಾ? ಲಿಯಾನ್‌ನಲ್ಲಿ ಬ್ರೆಟನ್‌ನಂಥ ಮೆಕ್ಯಾನಿಕ್ ಮಗ್ಗ ಬಿಚ್ಚಿ ತಿದ್ದಲು ಆಗಿದ್ದು ಅದಕ್ಕೆ ಬೀಗ ಇಲ್ಲದ ಕಾರಣಕ್ಕೆ.

ಮೆಷಿನ್ ಜೊತೆಗೆ ರೇಟಿನ ಮಾತನ್ನೂ ಆಡಬೇಕು ಅನ್ನೋದು 1831ರ ನೇಕಾರರಿಂದ ತಿಳಿಯುತ್ತೆ. ಓಪನ್ ಸೋರ್ಸ್ ಸಾಫ್ಟ್‌ವೇರ್ ಪುಕ್ಕಟೆ ಸಿಗಬಹುದು, ಆದರೆ ಮಾಡಿದ ಕೆಲಸಕ್ಕೆ ಸರಿಯಾದ ಕೂಲಿ ತಾನಾಗಿ ಸಿಗಲ್ಲ. ಸಂಘ, ಸೊಸೈಟಿ ಕಟ್ಟಿಕೊಂಡು ಕೇಳಬೇಕು. ನಮ್ಮ ಐಟಿಐ ಹುಡುಗರೂ ಬಟನ್ ಒತ್ತೋದಕ್ಕಷ್ಟೇ ನಿಲ್ಲದೆ ಜಿ-ಕೋಡ್ ಓದೋದು, ಕಂಟ್ರೋಲರ್ ಒಳಗೆ ಏನಾಗುತ್ತೆ ಅನ್ನೋದು ಕಲಿತರೆ ಮುಂದೆ ಆಪರೇಟರ್ ಕೆಲಸ ಕಡಿಮೆಯಾದರೂ ಕೈ ಖಾಲಿ ಆಗಲ್ಲ. ಓಪನ್ ಸೋರ್ಸ್ ಇರೋದರಿಂದ ಅದನ್ನು ಕಲಿಯೋಕೆ ಲಕ್ಷಗಟ್ಟಲೆ ಮೆಷಿನ್ ಬೇಡ, ಒಂದು ಹಳೇ ಕಂಪ್ಯೂಟರ್, ಒಂದು ಸಣ್ಣ ಬೋರ್ಡ್ ಇದ್ದರೆ ಶುರು ಮಾಡಬಹುದು. ಹದಿಮೂರಕ್ಕೆ ಅಕ್ಷರ ಕಲಿತು, ಐವತ್ತು ದಾಟಿದ ಮೇಲೆ ಬೇರೆಯವರು ಕೈಬಿಟ್ಟ ಮಗ್ಗ ಬಿಚ್ಚಿ ಕೂತ ಜಕಾರ್ಡ್‌ನನ್ನು ನೋಡಿದರೆ, ಕಲಿಯೋಕೆ ತಡವಾಯ್ತು ಅನ್ನೋ ಮಾತಿಗೆ ಅರ್ಥ ಇಲ್ಲ.